ಮದುವೆ ದಿನದವರು ಮುಂದೆ ಬನ್ನಿ

ಮಹಾಜನರೇ, ಕೇಳಿರಿ! ಮಹಾಜನರೆಂದರೆ ಗೋರಿಯಲ್ಲಿ ಮಲಗಿರುವ ನೀನೊಬ್ಬನೇ, ಕ್ರಿಸ್ತಾನಂದ.

ಇಂದು ಹಲಸೂರಿನ ನಮ್ಮ ಚರ್ಚಿನಲ್ಲಿ ಪಾದ್ರಿ ಅಯ್ಯನವರು ಎಂದಿನಂತೆ, "ಈ ವಾರ ಹುಟ್ಟುಹಬ್ಬ, ಮದುವೆ ದಿನ ಇರೋರು ಪ್ರಾರ್ಥನೆಗೆ ಮುಂದೆ ಬನ್ನಿ" ಎಂದು ಕರೆದರು. ನಾವಿಬ್ಬರೂ ಸಂಸಾರ ಹೂಡಿದ್ದು ಇದೇ ವಾರವಲ್ಲವೇ? ಪ್ರತಿವರ್ಷ ಏಳಹೊರಟ ನನ್ನನ್ನು ನೀನು ಷರಟು ಹಿಡಿದು ಕೂರಿಸುತ್ತಿದ್ದೆ. ಈ ಸಲ ಹಿಡಿಯುವವರಿರಲಿಲ್ಲ, ಹೋಗಿ ನಿಂತೆ.

"ಏನ್ ವಿಶೇಷ, ಬ್ರದರ್?"

"ಹುಟ್ಟುಹಬ್ಬ, ಅಯ್ಯನವರೇ."

ಕ್ರಿಸ್ಮಸ್ ನಾಟಕದಲ್ಲಿ ಹೆರೋದ ರಾಜನಾಗಿ ಮೈಕಿಲ್ಲದೆ ಗರ್ಜಿಸುವ ನನ್ನ ಗಂಟಲು ಅಷ್ಟನ್ನೇ ಹೇಳಿತು. ಸಭೆಯೆಲ್ಲ ನನಗಾಗಿ ಹಾಡಿತು. ಹೊರಗೆ ಶಾಂತಕುಮಾರಿ ಆಂಟಿ, "ಹೋದ್ ತಿಂಗ್ಳೂ ನಿಮ್ದೇ ಹುಟ್ಟುಹಬ್ಬ ಆಯ್ತಲ್ಲ ರೀ!" ಎಂದು ನಕ್ಕರು.

ಸಾಕಾಗಿದೆ ಕಣೋ. ನಾಳೆ ಬೆಳಿಗ್ಗೆ ಅಯ್ಯನವರ ಮನೆಗೆ ಹೋಗಿ, ಅದು ನಮ್ಮ ಮದುವೆಯ ದಿನವೆಂದು ಹೇಳಿ, ನಿನ್ನ ಹೆಸರನ್ನೂ ಸೇರಿಸಿ ಪ್ರಾರ್ಥಿಸಲು ಕೇಳುತ್ತೇನೆ.