ಕೈಗೆ ಇನ್ನೂ ಮುಟ್ಟದ ಸುದ್ದಿ

ಜನವರಿ 12

ತಿಂಡಿಗೆ ಮುಂಚೆ ಮಾತ್ರೆ. ಆಮೇಲೆ ಅಂಗಡಿ. ಕನ್ನಡಿ ಒರೆಸಿದೆ, ಬ್ಲೇಡು ಬದಲಿಸಿದೆ. ಎರಡನೇ ಕುರ್ಚಿಯ ಹತ್ತಿರ ನಿಂತ ಭಾಮೈದ ಓರೆಗಣ್ಣಲ್ಲಿ ನನ್ನ ಬಲಗೈಯನ್ನೇ ನೋಡುತ್ತಿದ್ದ. ನೋಡಲಿ. ಆಪರೇಷನ್ ಆಗಿ ಆರು ತಿಂಗಳಾಯಿತು, ನಡುಕ ನಿಂತಿದೆ.

ಮೂರು ವರ್ಷದ ಮೇಲೆ ಇವತ್ತು ಮೊದಲ ಶೇವಿಂಗ್. ರಿಟೈರ್ಡ್ ಮೇಷ್ಟ್ರು ತಾವಾಗಿಯೇ ನನ್ನ ಕುರ್ಚಿಗೆ ಬಂದು ಕತ್ತು ಒಡ್ಡಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿಯಿತು. ಅವರು ಕಣ್ಣು ಕೂಡ ತೆರೆಯಲಿಲ್ಲ. ನನಗೆ ಅಳು ಬಂತು. ಟವೆಲ್ ಹುಡುಕುವ ನೆಪದಲ್ಲಿ ಒಳಗೆ ಹೋದೆ.

ಜನವರಿ 30

ಊರವರ ತಲೆ ಬೋಳಿಸುವವನ ತಲೆಯನ್ನೇ ಆಸ್ಪತ್ರೆಯವರು ಬೋಳಿಸಿದರು — ಭಾಮೈದನ ಹಳೇ ಜೋಕು, ಇವತ್ತು ಗಿರಾಕಿಗಳ ಮುಂದೆ ಮತ್ತೆ. ಒಬ್ಬರಿಗೆ ವಿವರಿಸಬೇಕಾಯಿತು. ಪಾರ್ಕಿನ್ಸನ್‌ನಲ್ಲಿ ಮೆದುಳಿನ ಕೆಲವು ಜೀವಕೋಶಗಳು ಸಾಯುತ್ತವೆ. ಲ್ಯಾಬಿನಲ್ಲಿ ಬೆಳೆಸಿದ ಹೊಸವನ್ನು ಅಲ್ಲಿಗೆ ಇಳಿಸುತ್ತಾರೆ. ಇನ್ನೂ ಟ್ರಯಲ್. ಅರ್ಧ ಜನಕ್ಕೆ ನಿಜವಾಗಿ ಹಾಕುತ್ತಾರೆ. ಉಳಿದವರಿಗೆ ಬುರುಡೆಯನ್ನು ಒಂದಿಷ್ಟು ಕೊರೆದು ಮುಚ್ಚುತ್ತಾರೆ, ಅಷ್ಟೇ. ಯಾರಿಗೆ ಯಾವುದು ಅಂತ ಪರೀಕ್ಷೆ ಮಾಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ.

ನಿಮಗೆ ಯಾವುದು, ಅಂದರು. ಕತ್ತರಿ ಹಿಡಿದ ಕೈ ಚಾಚಿ ತೋರಿಸಿದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಹೆಂಡತಿ ದಿಂಬು ವಾಪಸ್ ತಂದಿದ್ದಾಳೆ. ಮಂಚ ಅಲುಗುತ್ತದೆ, ನಿದ್ದೆ ಹತ್ತುವುದಿಲ್ಲ ಅಂತ ಇಷ್ಟು ದಿನ ಹಾಲ್‌ನಲ್ಲಿ ಮಲಗುತ್ತಿದ್ದಳು.

ಫೆಬ್ರವರಿ 17

ಬರೆಯಲು ಏನೂ ಇಲ್ಲ. ಇಂಥ ದಿನ ಎಷ್ಟು ಚೆನ್ನ...

ಮಾರ್ಚ್ 23

ಆಸ್ಪತ್ರೆಯಿಂದ ಕರೆದಿದ್ದರು. ಟ್ರಯಲ್ ಮುಗಿದಿದೆ, ಗುಟ್ಟು ಬಿಚ್ಚುವ ದಿನ. ಹೆಂಡತಿ ಔಷಧಿ ಕ್ಯೂನಲ್ಲಿದ್ದಳು. ಡಾಕ್ಟರಮ್ಮ ರೂಮಿನ ಬಾಗಿಲು ಹಾಕಿದರು.

"ನಿಮಗೆ ಜೀವಕೋಶ ಹಾಕಿರಲಿಲ್ಲ. ನೀವು ಇನ್ನೊಂದು ಗುಂಪಿನಲ್ಲಿದ್ರಿ."

ನಕ್ಕುಬಿಟ್ಟೆ. ಕೈ ಚಾಚಿದೆ. ಅವರು ನಗಲಿಲ್ಲ. ನಿಮ್ಮ ಕೈ ಸುಳ್ಳು ಹೇಳುತ್ತಿಲ್ಲ, ಅಂದರು. ವಾಸಿಯಾಗುತ್ತೇನೆ ಅನ್ನುವ ಭರವಸೆಗೇ ಮೆದುಳು ಆ ಕೋಶಗಳು ಕೊಡುವ ಡೋಪಮೈನ್ ರಸವನ್ನು ಒಂದಿಷ್ಟು ಸುರಿಸುತ್ತದಂತೆ. ಈ ಕಾಯಿಲೆಯಲ್ಲಿ ಅದು ಅಪರೂಪವಲ್ಲವಂತೆ. ಎಷ್ಟು ದಿನ? ಹೇಳಲಾಗದು. ನಿಜವಾಗಿ ಹಾಕಿಸಿಕೊಂಡವರಲ್ಲಿ ಕೆಲವರು ಚೆನ್ನಾಗಿದ್ದಾರೆ. ಮುಂದಿನ ಹಂತಕ್ಕೆ ಒಪ್ಪಿಗೆ ಸಿಕ್ಕರೆ ನನ್ನನ್ನೂ ಕರೆಯುತ್ತಾರೆ. ಯಾವಾಗ? ಅದೂ ಹೇಳಲಾಗದು.

ಹೊರಗೆ ಬಂದೆ. ಎಲ್ಲಾ ಸರಿಯಿದೆಯಂತೆ, ಅಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ನನ್ನ ಬಲಗೈ ಹಿಡಿದೇ ಕೂತಿದ್ದಳು.

ಮಾರ್ಚ್ 24

ಅಂಗಡಿ ತೆರೆದೆ. ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ. ನಾನೂ ಅದರ ಕಡೆ ನೋಡಲು ಹೋಗಲಿಲ್ಲ.

ಏಪ್ರಿಲ್ 2

ಮುಟ್ಟಿತು. ಹೆಬ್ಬೆರಳಿನಿಂದ ಶುರು, ಗುಳಿಗೆ ಹೊಸೆಯುವ ಹಾಗೆ. ಭುಜ ನೋವು ಅಂತ ಹೇಳಿ ಶೇವಿಂಗನ್ನೆಲ್ಲ ಭಾಮೈದನಿಗೆ ಬಿಟ್ಟೆ. "ಆಯ್ತು ಭಾವ" ಅಂದ. ಜೋಕು ಹೇಳಲಿಲ್ಲ.

ಏಪ್ರಿಲ್ 9

ಭಾಮೈದ ಊಟಕ್ಕೆ ಹೋದಾಗ ಮೇಷ್ಟ್ರು ಬಂದರು. ನಿನ್ನ ಕೈಯೇ ಬೇಕು, ಅಂತ ಹಟ. ನೊರೆ ಹಚ್ಚಿದೆ. ಬ್ಲೇಡು ಗಂಟಲ ಹತ್ತಿರ ಹೋದಾಗ ಕನ್ನಡಿಯಲ್ಲಿ ಕಂಡಿತು — ನಡುಗುತ್ತಿತ್ತು. ಅವರ ಕಣ್ಣು ಮುಚ್ಚಿಯೇ ಇತ್ತು. ಕೆಳಗಿಟ್ಟೆ. ಎಲ್ಲ ಹೇಳಿಬಿಟ್ಟೆ.

ನೊರೆಯೊಳಗಿಂದಲೇ ಕೇಳಿದರು, "ಹಾಗಾದ್ರೆ ಇಷ್ಟು ದಿನ ನನ್ನ ಗಡ್ಡ ತೆಗೆದಿದ್ದು ಯಾರಯ್ಯ?"

ಭಾಮೈದ ಬರುವ ತನಕ ಪುಣ್ಯಾತ್ಮ ಹಾಗೇ ಕೂತಿದ್ದರು, ನೊರೆ ಒಣಗಿಸಿಕೊಂಡು.

ಏಪ್ರಿಲ್ 10

ಬೆಳಿಗ್ಗೆ ಹೆಂಡತಿ ಕಾಫಿ ಇಟ್ಟು ಎದುರಿಗೆ ಕೂತಳು. ಭುಜ ನೋವಂತೆ, ತಮ್ಮ ಹೇಳಿದ, ಅಂದಳು. ದಿಂಬು ಇನ್ನೂ ನನ್ನ ಪಕ್ಕದಲ್ಲೇ ಇದೆ. ಮಂಚ ಅಲುಗುವುದು ಅವಳಿಗೆ ಗೊತ್ತಾಗದೆ ಇರುತ್ತದೆಯೇ?

ಭಯ ಒಂದೇ. ನನ್ನ ನಂಬಿಕೆ ಹೋಯಿತು. ಮನೆಯಲ್ಲಿ ಉಳಿದಿರುವುದು ಈಗ ಅವಳದೊಂದೇ. ಅದನ್ನೂ ಕಿತ್ತುಕೊಂಡರೆ ಈ ಕೈಗೆ ಇನ್ಯಾರು ಗತಿ?

ಬಲಗೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು.

"ಅವತ್ತು ಡಾಕ್ಟರಮ್ಮ ನಿಜವಾಗ್ಲೂ ಏನಂದ್ರು, ಹೇಳಿ."

ಹೇಳಬೇಕೆಂದೇ ಬಾಯಿ ತೆರೆದೆ. ಕೈ ನಿಂತಿತ್ತು. ಅವಳು ಒತ್ತಿ ಹಿಡಿದದ್ದಕ್ಕೋ ಇನ್ನೇತಕ್ಕೋ — ನಿಂತಿತ್ತು. ಇನ್ನೊಂದು ನಿಮಿಷ ಹೀಗೇ ಇರಲಿ ಎಂದು ಎಡಗೈಯನ್ನೂ ಅವಳ ಕೈಮೇಲೆ ಇಟ್ಟೆ.