ಐವತ್ತೊಂದನೇ ಪುಟದಲ್ಲಿ ಅಜ್ಜಿ

ಅಕ್ಕಾ,

ಮತ್ತೆ ಅದೇ ಕೆಟ್ಟ ಕನಸು. ನಾನು ಮುದ್ರೆ ಒತ್ತಿದಲ್ಲೆಲ್ಲ ಅಕ್ಷರ ಅಳಿಸಿಹೋಗುತ್ತಿತ್ತು.

ಇವತ್ತು ನಮ್ಮ ವಿಶ್ವವಿದ್ಯಾಲಯದ ಲೈಬ್ರರಿಗೆ ಇತಿಹಾಸದ ಹೊಸ ಪುಸ್ತಕಗಳು ಬಂದವು. ಕದ್ದವರು ಮೊದಲ ಪುಟ ಹರಿದರೂ ಗುರುತು ಉಳಿಯಲಿ ಎಂದು ಐವತ್ತೊಂದನೇ ಪುಟಕ್ಕೂ ಗುಟ್ಟಾಗಿ ಮುದ್ರೆ ಒತ್ತುತ್ತೇನಲ್ಲ, ನಿನ್ನ ಮೇಷ್ಟ್ರ ಪುಸ್ತಕದ ಆ ಪುಟ ತೆರೆದರೆ ನಮ್ಮಜ್ಜಿ! ಗಿರಣಿಗೆ ಬೆಂಕಿ ಬಿದ್ದಾಗ ಕೂಸನ್ನು ಹಿಟ್ಟಿನ ಡಬ್ಬದಲ್ಲಿ ಹೊತ್ತು ತಂದದ್ದು, ಮೇಷ್ಟ್ರಿಗಾಗಿ ನೀನು ಕೂತು ಬರೆದುಕೊಂಡ ಅವಳ ಮಾತಲ್ಲೇ: "ಬೆಂಕಿಗೆ ಕಣ್ಣಿಲ್ಲ ಕಣೇ, ನಂಗಿತ್ತು."

ಕೊನೆಯಲ್ಲಿ ಕೃತಜ್ಞತೆಯ ಪುಟ. ಮೇಷ್ಟ್ರು ಹೆಂಡತಿಯನ್ನೂ ಸಾಕಿದ ಬೆಕ್ಕನ್ನೂ ನೆನೆದಿದ್ದಾರೆ. ನಿನ್ನ ಹೆಸರಿಲ್ಲ.

ಲೈಬ್ರರಿಯನ್ನರಿಗೆ ತೋರಿಸಿದೆ. "ಬಿಡಮ್ಮ, ಹೋದವ್ರು ಬಂದು ಕೇಳ್ತಾರಾ?" ಅಂದರು. ಮುದ್ರೆ ಒತ್ತಿ ಪಕ್ಕಕ್ಕಿಟ್ಟೆ.

ಆಸ್ಪತ್ರೆಯಲ್ಲೂ ನೀನು "ಪುಸ್ತಕ ಬಂತೇನೇ?" ಎಂದು ಕೇಳುತ್ತಿದ್ದೆ. "ಬರುತ್ತೆ, ನಿನ್ನ ಹೆಸರೇ ಮೊದಲು ಇರುತ್ತೆ" ಎಂದಿದ್ದೆ ನಾನು.

ನನ್ನ ಓದು ನಿನಗೆ ಗೊತ್ತಲ್ಲ, ಏಳನೇ ಕ್ಲಾಸಿಗೇ ನಿಂತದ್ದು. ಬೆರಳಿಟ್ಟು ಓದುವಾಗ ಒಂದು ಸಾಲು ಹಾರಿರಬಹುದು. ಆ ಕೊನೆಯ ಪುಟವನ್ನು ನೀನೇ ಇನ್ನೊಂದು ಸಲ ನೋಡೇ.