ಕಳಿಸಿದ್ದು ನೂರ ನಲವತ್ತು, ತಲುಪಿದ್ದು ನೂರು

ಮಿಂಚಂಚೆ ಕಂಪನಿಯ ಗ್ರಾಹಕ ದೂರು ಅಧಿಕಾರಿಗಳೇ,

ನಿಮ್ಮ ಸರ್ವರ್ ನನ್ನ ನಲವತ್ತು ಪತ್ರಗಳನ್ನು ನುಂಗಿ, ಕಳಿಸಿದ್ದೇನೆಂದು ಸುಳ್ಳು ಹೇಳಿತು. ಅದರಿಂದ ಒಬ್ಬ ಹುಡುಗಿಯ ಒಂದು ವರ್ಷ ಹಾಳಾಯಿತು. ಇದನ್ನು ನಿಮಗೇ ಮೂರು ಸಲ ಮೇಲ್ ಮಾಡಿದೆ. ಮೂರು ಸಲವೂ 'ನಿಮ್ಮ ಅನಿಸಿಕೆ ನಮಗೆ ಅಮೂಲ್ಯ' ಎಂಬ ಯಂತ್ರದ ಉತ್ತರ ಬಂತು. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ನಿವೃತ್ತ ಶಿಕ್ಷಕಿ. ಕಣ್ಣು ಕಾಣದ ವಿದ್ಯಾರ್ಥಿಗಳು ಹೇಳಿದ್ದನ್ನು ಪರೀಕ್ಷೆಯಲ್ಲಿ ಪಕ್ಕದಲ್ಲಿ ಕೂತು ಬರೆದುಕೊಡುವವರನ್ನು ಹೊಂದಿಸುತ್ತೇನೆ. ಈ ಸಲ ಬರೆಯುವ ನೂರ ನಲವತ್ತು ಮಂದಿಗೂ, ಯಾರಿಗೆ ಬರೆಯಬೇಕು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಒಂದೊಂದು ಮೇಲ್ ಬರೆದಿಟ್ಟು, ಶನಿವಾರ ಒಟ್ಟಿಗೆ ಕಳಿಸಿದೆ. ಗುಂಪಿಗೆ ಒಂದೇ ಸಲ ಹಾಕಬಹುದಿತ್ತಲ್ಲ ಎನ್ನುತ್ತೀರಿ. ಸ್ವಾಮಿ, ನಮ್ಮಲ್ಲಿ ಅರಿಶಿನ ಕುಂಕುಮಕ್ಕೂ ಮನೆಗೆ ಹೋಗಿ ಹೆಸರು ಹಿಡಿದು ಕರೆಯುತ್ತಾರೆ. ಪುಕ್ಕಟೆ ಬರೆದುಕೊಡುವವರನ್ನು ಬೀದಿಯಲ್ಲಿ ನಿಂತು ಕೂಗಲೇ?

ಆ ಮರ್ಯಾದೆಯೇ ತಪ್ಪಾಯಿತು. ಗಂಟೆಗೆ ನೂರು ಮೇಲ್ ದಾಟಿದರೆ ಉಳಿದದ್ದನ್ನು ನಿಮ್ಮ ಸರ್ವರ್ ಬಿಸಾಡುತ್ತದಂತೆ. ಜಾಹೀರಾತಿನ ಕಾಟ ತಡೆಯಲು ಮಿತಿ ಬೇಕು, ಒಪ್ಪಿದೆ. ಬಿಸಾಡಿದ ಮೇಲೂ ನನ್ನ ಪರದೆಯಲ್ಲಿ 'ಕಳಿಸಲಾಗಿದೆ' ಎಂದು ತೋರಿಸುವುದು ಯಾವ ಸೀಮೆಯ ನ್ಯಾಯ? ಅಂಚೆಯಣ್ಣ ಹೀಗೆ ಮಾಡಿದ್ದರೆ ಅವನ ಕೆಲಸ ಉಳಿಯುತ್ತಿತ್ತೇ?

ಸೋಮವಾರ ಜಯನಗರದಲ್ಲಿ ಪ್ರೇರಣಾ ಎಂಬ ಹುಡುಗಿಗೆ ಬಿ.ಎ. ಕೊನೆಯ ಪರೀಕ್ಷೆ. ಹತ್ತು ಗಂಟೆಗೆ ಫೋನ್ ಮಾಡಿದಳು. "ಮೇಡಂ, ಬೆಲ್ ಹೊಡೀತು. ಯಾರೂ ಬಂದಿಲ್ಲ."

"ಮೇಲ್ ಹೋಗಿದೆ ಕಣಮ್ಮ, ಬರ್ತಾರೆ ಇರು" ಎಂದೆ. ಪರದೆ ನಂಬಿಕೊಂಡು ಇಪ್ಪತ್ತು ನಿಮಿಷ ಕೂತೆ, ನನ್ನ ಬುದ್ಧಿಗಿಷ್ಟು! ಆಮೇಲೆ ಅವಳಿಗೆ ಬರೆಯಬೇಕಿದ್ದ ಚಿದಾನಂದ್ ಅವರಿಗೆ ಫೋನ್ ಮಾಡಿದೆ.

"ನಂಗ್ಯಾವ ಮೇಲೂ ಬಂದಿಲ್ವಲ್ಲ ಮೇಡಂ! ಮನೇಲೇ ಇದೀನಿ, ಈಗ್ಲೇ ಹೊರಟೆ."

ಅವರು ಬಿಟಿಎಂನಿಂದ ಬರುವಷ್ಟರಲ್ಲಿ ಹತ್ತೂವರೆ ದಾಟಿ, ಬಾಗಿಲು ಹಾಕಿದ್ದರು. ಪಾಠವನ್ನೆಲ್ಲ ಕೇಳಿ ಕೇಳಿ ಬಾಯಿಪಾಠ ಮಾಡಿದ್ದ ಹುಡುಗಿ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಮೇಲ್ ತಲುಪದ ಮಿಕ್ಕ ಮೂವತ್ತೊಂಬತ್ತು ಪರೀಕ್ಷೆಗಳು ಮುಂದಿದ್ದವು, ಫೋನಿನಲ್ಲಿ ಸರಿಪಡಿಸಿಕೊಂಡೆ. ಇವಳಿಗೆ ಮತ್ತೆ ಪರೀಕ್ಷೆ ಬರುವ ವರ್ಷವೇ.

ನಿಮ್ಮ ಸಹಾಯವಾಣಿಯವರು, "ನೂರು ನೂರರ ಹಾಗೆ ಬಿಟ್ಟು ಬಿಟ್ಟು ಕಳ್ಸಿ ಮೇಡಂ, ಏನೂ ಪ್ರಾಬ್ಲಂ ಇಲ್ಲ" ಎಂದರು. ಎಷ್ಟು ಬೇಗ ಹೇಳಿದರು ನೋಡಿ!

ಬೇಡಿಕೆ ಒಂದೇ: ಹೋಗದ ಪತ್ರವನ್ನು ಹೋಗಿಲ್ಲ ಎನ್ನಿ. ನೀವು ಮಾಡುವುದಿಲ್ಲವೆಂದು ಗೊತ್ತು, ಇದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಆದರೂ ಬರೆದೆ. ನಿನ್ನೆ ಪ್ರೇರಣಾಗೆ ಫೋನ್ ಮಾಡಿ, ಬರುವ ವರ್ಷದ ಪಟ್ಟಿಯಲ್ಲಿ ನಿನ್ನ ಹೆಸರೇ ಮೊದಲು ಹಾಕುತ್ತೇನೆ ಎಂದಿದ್ದೆ. ಅವಳು ಮೆತ್ತಗೆ, "ಬೇಡ ಮೇಡಂ. ಬರೆಯೋರ ನಂಬರ್ ಕೊಡಿ ಸಾಕು, ನಾನೇ ಕರ್ಕೋತೀನಿ" ಎಂದಳು.

ಇಂತಿ,
ಒಬ್ಬ ಹುಡುಗಿಯ ನಂಬಿಕೆ ಕಳೆದುಕೊಂಡು ಕೂತಿರುವ
ಜಯದೇವಿ, ಕತ್ರಿಗುಪ್ಪೆ